ವ್ಯಂಗ್ಯಚಿತ್ರದ ಪಾತ್ರಗಳೂ ರಾಜಕೀಯವೂ

ರಾಜರ ಆಸ್ಥಾನದಲ್ಲಿ ವಿದೂಷಕನಿಗೆ ಒಂದು ವಿಶೇಷ ಸ್ವಾತಂತ್ರ್ಯವಿತ್ತು. ಮಂತ್ರಿಗಳು ಹೇಳಲು ಅಂಜುವ ಮಾತನ್ನು ಅವನು ನಗಿಸುತ್ತಲೇ ಹೇಳಿಬಿಡುತ್ತಿದ್ದನು. ಪ್ರಜಾಪ್ರಭುತ್ವದಲ್ಲಿ ಆ ಕೆಲಸ ವ್ಯಂಗ್ಯಚಿತ್ರಕಾರನ ಪಾಲಿಗೆ ಬಂದಿದೆ. ಆದರೆ ದಿನದ ಸುದ್ದಿಯನ್ನು ಕುರಿತ ಚಿತ್ರ ಮರುದಿನಕ್ಕೆ ಹಳತಾಗುತ್ತದೆ. ಅವನು ಸೃಷ್ಟಿಸಿದ ಪಾತ್ರ ಮಾತ್ರ ಬಹುಕಾಲ ಉಳಿಯಬಲ್ಲದು. ಅಂತಹ ಪಾತ್ರಗಳಲ್ಲಿ ನಾನು ಮೂರು ಬಗೆಗಳನ್ನು ಕಂಡಿದ್ದೇನೆ.

ಮೊದಲನೆಯದು, ಪಕ್ಷದ ಗುರುತಾಗುವ ಪಾತ್ರ. ಅಮೆರಿಕದ ಥಾಮಸ್ ನಾಸ್ಟ್ ಎಂಬವನು 'ಹಾರ್ಪರ್ಸ್ ವೀಕ್ಲಿ' ಪತ್ರಿಕೆಯಲ್ಲಿ 1870ರಲ್ಲಿ ಡೆಮೊಕ್ರಾಟಿಕ್ ಪಕ್ಷದ ಕಡೆಯ ಪತ್ರಿಕೆಗಳನ್ನು ಕತ್ತೆಯಾಗಿಯೂ, 1874ರಲ್ಲಿ ರಿಪಬ್ಲಿಕನ್ ಮತಗಳನ್ನು ಹಳ್ಳದ ಅಂಚಿನಲ್ಲಿ ತಡಬಡಿಸುವ ಆನೆಯಾಗಿಯೂ ಬರೆದನು. ಹಾಸ್ಯಕ್ಕೆ ಹುಟ್ಟಿದ ಈ ಪ್ರಾಣಿಗಳೇ ಇಂದು ಆ ಎರಡು ಪಕ್ಷಗಳ ಲಾಂಛನಗಳಾಗಿವೆ.

ಎರಡನೆಯದು, ಆಳುವವರ ಮನೋಭಾವವನ್ನು ಬಯಲಿಗೆಳೆಯುವ ಪಾತ್ರ. ಡೇವಿಡ್ ಲೋ 1934ರಲ್ಲಿ ಲಂಡನ್ನಿನ 'ಈವನಿಂಗ್ ಸ್ಟ್ಯಾಂಡರ್ಡ್' ಪತ್ರಿಕೆಗಾಗಿ ಕರ್ನಲ್ ಬ್ಲಿಂಪ್‌ನನ್ನು ಸೃಷ್ಟಿಸಿದನು. ದಪ್ಪ ಮೀಸೆಯ ಈ ಸ್ಥೂಲಕಾಯನು ಹಬೆಸ್ನಾನದ ಮನೆಯಲ್ಲಿ ಟವಲು ಸುತ್ತಿಕೊಂಡು, ಒಂದಕ್ಕೊಂದು ಹೊಂದದ ಅಭಿಪ್ರಾಯಗಳನ್ನು ಬಲು ಗಂಭೀರವಾಗಿ ಘೋಷಿಸುತ್ತಾನೆ. ಅವನನ್ನು ಯಾರೂ ಖಂಡಿಸಬೇಕಾಗಿಲ್ಲ; ಅವನ ಬಾಯೇ ಅವನಿಗೆ ಶತ್ರು. 1943ರಲ್ಲಿ ಅವನ ಹೆಸರಿನ ಚಲನಚಿತ್ರ ಬಂದಾಗ ಪ್ರಧಾನಿ ಚರ್ಚಿಲ್ಲರೇ ಅದನ್ನು ವಿರೋಧಿಸಿದರೆಂದರೆ, ಗೆರೆಗಳ ಶಕ್ತಿಯನ್ನು ಊಹಿಸಬಹುದು.

ಮೂರನೆಯದು, ಆಳ್ವಿಕೆಗೆ ಒಳಗಾದ ಪ್ರಜೆಯ ಪಾತ್ರ. ಇದರ ಉತ್ತಮ ನಿದರ್ಶನ ನಮ್ಮ ಆರ್. ಕೆ. ಲಕ್ಷ್ಮಣರ 'ಕಾಮನ್ ಮ್ಯಾನ್'. ಕುವೆಂಪು ಅವರು ಬಳಕೆಗೆ ತಂದ 'ಶ್ರೀಸಾಮಾನ್ಯ' ಎಂಬ ಮಾತು ಇವನಿಗೆ ಹೇಳಿ ಮಾಡಿಸಿದಂತಿದೆ. ಲಕ್ಷ್ಮಣರು 1921ರಲ್ಲಿ ಮೈಸೂರಿನಲ್ಲಿ ಜನಿಸಿ, ಮಹಾರಾಜಾ ಕಾಲೇಜಿನಲ್ಲಿ ಓದಿ, 'ಕೊರವಂಜಿ'ಗೆ ಚಿತ್ರ ಬರೆದವರು. 'ಟೈಮ್ಸ್ ಆಫ್ ಇಂಡಿಯಾ'ದಲ್ಲಿ ಅವರ 'ಯು ಸೆಡ್ ಇಟ್' ಅಂಕಣ 1951ರಲ್ಲಿ ಆರಂಭವಾಯಿತು. ಮೊದಮೊದಲು ಬೇರೆ ಬೇರೆ ಪ್ರಾಂತಗಳ ಜನರನ್ನೆಲ್ಲ ಚಿತ್ರದಲ್ಲಿ ತುಂಬುತ್ತಿದ್ದರಂತೆ. ಕಾಲಾವಕಾಶ ಸಾಲದೆ ಒಬ್ಬೊಬ್ಬರೇ ಮರೆಯಾಗಿ, ಕೊನೆಗೆ ಉಳಿದವನು ಚೌಕಳಿ ಕೋಟು, ಪಂಚೆ, ಕನ್ನಡಕಗಳ ಈ ಬೋಳುತಲೆಯ ವೃದ್ಧನೊಬ್ಬನೇ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮಂತ್ರಿಮಂಡಲಗಳು ಬದಲಾದವು. ಅವನ ಕೋಟು ಬದಲಾಗಲಿಲ್ಲ. 1988ರಲ್ಲಿ ಸರಕಾರವೇ ಅವನನ್ನು ಅಂಚೆಚೀಟಿಯ ಮೇಲೆ ಅಚ್ಚು ಹಾಕಿಸಿತು!

ಚಿತ್ರದಲ್ಲಿ ಮಂತ್ರಿ, ಅಧಿಕಾರಿ, ಗುತ್ತಿಗೆದಾರರೆಲ್ಲ ಮಾತನಾಡುತ್ತಾರೆ. ಇವನು ಮೂಲೆಯಲ್ಲಿ ನಿಂತು ನೋಡುತ್ತಾನೆ. ಯಾರ ಗಮನಕ್ಕೂ ಬಾರದವನಾದ್ದರಿಂದಲೇ ಅವನಿಗೆ ಎಲ್ಲೆಡೆಯೂ ಪ್ರವೇಶ. ನಮ್ಮ ತಂದೆಯವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಒಮ್ಮೆ ಅವರಿಗೆ ಈ ಚಿತ್ರಗಳನ್ನು ತೋರಿಸಿದೆನು. ಮಂತ್ರಿ ಯಾರೆಂದು ಅವರು ಕೇಳಲಿಲ್ಲ. "ಪಾಪ, ಈ ಯಪ್ಪ ಅರ್ಜಿ ಹಿಡ್ಕೊಂಡು ಎಷ್ಟು ದಿನದಿಂದ ನಿಂತವ್ನೆ?" ಎಂದರು. ಅವನ ಕೈಯಲ್ಲಿ ಅರ್ಜಿಯೇ ಇರಲಿಲ್ಲ! ಅಕ್ಷರ ಬಾರದವರಿಗೂ ತಮ್ಮವನೆಂದು ಗುರುತು ಸಿಕ್ಕುವುದೇ ಈ ಪಾತ್ರದ ಗೆಲವು.

ಮೂಕ ಪ್ರಜೆಯನ್ನು ಮೆಚ್ಚುವುದು ಹೇಡಿತನವನ್ನು ಮೆಚ್ಚಿದಂತಲ್ಲವೇ ಎಂದು ಕೆಲವು ಮಿತ್ರರು ಆಕ್ಷೇಪಿಸಬಹುದು. ನನಗೆ ಹಾಗೆ ತೋರುವುದಿಲ್ಲ. ಪ್ಯಾಲೆಸ್ತೀನಿನ ನಾಜಿ ಅಲ್-ಅಲಿ 1969ರಲ್ಲಿ ಸೃಷ್ಟಿಸಿದ ಹತ್ತು ವರ್ಷದ ಬಾಲಕ 'ಹಂದಾಲ'ನೂ ಮುಂದೆ ಜಗತ್ತಿಗೆ ಬೆನ್ನು ತಿರುಗಿಸಿ ಸುಮ್ಮನೆ ನಿಂತವನೇ. ಆದರೆ ಅವನನ್ನು ಬರೆದ ಕೈ ಸುಮ್ಮನಿರಲಿಲ್ಲ. ಆ ಚಿತ್ರಕಾರನನ್ನು 1987ರಲ್ಲಿ ಲಂಡನ್ನಿನ ಬೀದಿಯಲ್ಲಿ ಗುಂಡಿಟ್ಟು ಕೊಂದರು. ಮೌನ ಅಷ್ಟು ನಿರುಪದ್ರವಿಯಾಗಿದ್ದರೆ ಅದಕ್ಕೆ ಯಾರು ಅಂಜುತ್ತಿದ್ದರು? ಇದು ಸಾಕ್ಷಿಯ ಮೌನ. ಮತಗಟ್ಟೆಯಲ್ಲಿಯೂ ನಾವು ಮಾತನಾಡುವುದಿಲ್ಲ. ಆದರೂ ಸರಕಾರಗಳು ಉರುಳುತ್ತವೆ.

ಲಕ್ಷ್ಮಣರು 2015ರಲ್ಲಿ ತೀರಿಕೊಂಡರು; ಶ್ರೀಸಾಮಾನ್ಯನು ಇನ್ನೂ ನಿಂತೇ ಇದ್ದಾನೆ. ನಮ್ಮಲ್ಲಿ ಹಲವರು ನಾಳೆ ಕಚೇರಿಗಳ ಮೇಜಿನ ಆಚೆಗೆ ಕುಳಿತುಕೊಳ್ಳುವವರು. ಈಚೆಗೆ ನಿಂತವನು ಮಾತನಾಡದಿದ್ದರೂ ಎಲ್ಲವನ್ನೂ ನೋಡುತ್ತಿದ್ದಾನೆಂಬುದನ್ನು ಆಗ ಮರೆಯದಿದ್ದರೆ, ನಾವು ಪಡೆದ ಪದವಿ ಸಾರ್ಥಕ.