ತರಂಗಂಬಾಡಿಯ ಶಾಲೆ

ಪಾದ್ರಿಗಳ ಶಾಲೆಯೆಂದೊಡನೆ ಕನ್ನಡಿಗರಿಗೆ ನೆನಪಾಗುವುದು ಮಂಗಳೂರು. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಶನ್ನಿನವರ ವಿದ್ಯಾಶಾಲೆಗಳನ್ನೂ, 1843ರಲ್ಲಿ ಅವರು ಹೊರಡಿಸಿದ ಮಂಗಳೂರ ಸಮಾಚಾರವನ್ನೂ ನಮ್ಮ ವಾಚಕರು ಬಲ್ಲರು. ಆದರೆ ಇದಕ್ಕೆ ನೂರಿಪ್ಪತ್ತೆಂಟು ವರ್ಷಗಳಷ್ಟು ಮೊದಲೇ, ಪೂರ್ವ ಸಮುದ್ರದ ಕರೆಯಲ್ಲಿರುವ ತರಂಗಂಬಾಡಿಗೆ ಲೂಥರನ ಪಂಥದ ಇಬ್ಬರು ಉಪದೇಶಕರು ಬಂದಿಳಿದಿದ್ದರು. ಅವರು ನೆಲೆಗೊಳಿಸಿದ ಶಾಲೆಯ ವೃತ್ತಾಂತವು ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಆ ಶಾಲೆಯ ಬೇರು ಜರ್ಮನಿಯಲ್ಲಿದೆ. 1524ರಲ್ಲಿ ಮಾರ್ಟಿನ್ ಲೂಥರನು ಜರ್ಮನಿಯ ನಗರಸಭೆಗಳ ಸದಸ್ಯರಿಗೆ ಒಂದು ಬಹಿರಂಗ ಪತ್ರವನ್ನು ಬರೆದನು. ಕೋವಿ, ರಸ್ತೆ, ಸೇತುವೆ, ಒಡ್ಡುಗಳಿಗೆ ವರ್ಷವರ್ಷವೂ ಇಷ್ಟು ಹಣವನ್ನು ಸುರಿಯುವ ಊರು ಮಕ್ಕಳಿಗೆ ಓದು ಕಲಿಸುವ ಉಪಾಧ್ಯಾಯರಿಗಾಗಿ ಏಕೆ ವೆಚ್ಚ ಮಾಡಬಾರದೆಂಬುದು ಅವನ ಪ್ರಶ್ನೆ. ಹೆಣ್ಣುಮಕ್ಕಳಿಗೂ ದಿನಕ್ಕೆ ಒಂದು ಗಂಟೆಯ ಪಾಠವಾಗಬೇಕೆಂದು ಅವನು ಕೇಳಿದನು. (ನಮ್ಮ ಪುರಸಭೆಗಳ ಆಯವ್ಯಯ ಪಟ್ಟಿಯನ್ನು ಓದುವವರಿಗೆ ಈ ಪತ್ರವು ಹಳೆಯದೆಂದು ತೋರಲಾರದು.) ಪ್ರತಿಯೊಬ್ಬನೂ ಧರ್ಮಗ್ರಂಥವನ್ನು ತನ್ನ ಭಾಷೆಯಲ್ಲಿ ತಾನೇ ಓದಬೇಕೆಂಬ ಮತವು ಎಲ್ಲಿ ನೆಲೆಸಿತೋ ಅಲ್ಲಿ ಗುಡಿಯ ಪಕ್ಕದಲ್ಲಿ ಶಾಲೆಯೂ ಏಳಬೇಕಾಯಿತು. 1695ರಲ್ಲಿ ಹಾಲೆ ಪಟ್ಟಣದ ಅಂಚಿನಲ್ಲಿ ಪಾದ್ರಿಯಾಗಿದ್ದ ಫ್ರಾಂಕೆಯ ಕಾಣಿಕೆಯ ಪೆಟ್ಟಿಗೆಯಲ್ಲಿ ನಾಲ್ಕು ಥಾಲರ್ ಹದಿನಾರು ಗ್ರೋಷೆನ್ ಬಿದ್ದಿತ್ತು. ಅಷ್ಟನ್ನೇ ಮೂಲಧನವಾಗಿ ಹಿಡಿದು ಅವನು ಬಡಮಕ್ಕಳ ಶಾಲೆಯನ್ನು ತೆರೆದನು. ಅವನು ತೀರಿಕೊಂಡ 1727ರ ಹೊತ್ತಿಗೆ ಅಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಮಕ್ಕಳು ಓದುತ್ತಿದ್ದರು.

ಈ ಹಾಲೆಯಲ್ಲಿ ಕಲಿತ ಬಾರ್ತೊಲೊಮೇಯುಸ್ ತ್ಸೀಗೆನ್‌ಬಾಲ್ಗನು ಡೆನ್ಮಾರ್ಕಿನ ದೊರೆ ನಾಲ್ಕನೆಯ ಫ್ರೆಡರಿಕನ ಆಶ್ರಯದಲ್ಲಿ, ಪ್ಲೂಟ್‌ಶೌ ಎಂಬ ಜತೆಗಾರನೊಡನೆ, 1706ನೆಯ ಜುಲೈ 9ರಂದು ತರಂಗಂಬಾಡಿಗೆ ಬಂದಿಳಿದನು. ಅವನಿಗೆ ಇಪ್ಪತ್ತನಾಲ್ಕು ತುಂಬಲು ಇನ್ನೂ ಒಂದು ದಿನ ಬಾಕಿಯಿತ್ತು. ಊರು ಡೇನರ ವರ್ತಕ ಸಂಘದ ಕೈಯಲ್ಲಿತ್ತು. ಕೋಟೆಯ ಅಧಿಕಾರಿಗೆ ಈ ಉಪದೇಶಕರು ಬೇಡವಾಗಿದ್ದರು. ಮುಂದೆ ಅವನು ತ್ಸೀಗೆನ್‌ಬಾಲ್ಗನನ್ನು ನಾಲ್ಕು ತಿಂಗಳು ಸೆರೆಯಲ್ಲಿಯೂ ಇಟ್ಟನು. ಆದರೆ ನಮ್ಮ ಗಮನವನ್ನು ಸೆಳೆಯುವುದು ಬೇರೆಯೇ ಒಂದು ಸಂಗತಿ. ಕಲಿಸುವುದಕ್ಕೆಂದು ಬಂದವನು ಮೊದಲು ಕಲಿಯುವುದಕ್ಕೆ ಕುಳಿತನು. ಎಪ್ಪತ್ತರ ಸಮೀಪದ ತಮಿಳು ಉಪಾಧ್ಯಾಯನೊಬ್ಬನು ತನ್ನ ಶಿಷ್ಯರನ್ನು ಕಟ್ಟಿಕೊಂಡು ಪಾದ್ರಿಯ ಮನೆಗೇ ಬಂದು ಮಠವನ್ನು ನಡೆಯಿಸಿದನು. ಆ ಚಿಕ್ಕ ಹುಡುಗರ ಸಾಲಿನಲ್ಲಿ ಕುಳಿತು, ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಜರ್ಮನಿಯ ಪಂಡಿತನು ತಮಿಳು ಕಲಿತನು. ಅಲ್ಲಿಯ ಮಕ್ಕಳು ಬಾಯಿಪಾಠ ಮಾಡುತ್ತಿದ್ದ ಉಲಗನೀತಿ, ಕೊನ್ರೈವೇಂದನ್ ಮೊದಲಾದ ನೀತಿಗ್ರಂಥಗಳನ್ನು 1708ರಲ್ಲಿ ಅವನು ಜರ್ಮನ್ ಭಾಷೆಗೆ ತಿರುಗಿಸಿದನು.

ಶಾಲೆಯು ಬೇಗನೆ ಬೆಳೆಯಿತು. 1707ರಲ್ಲಿಯೇ ಹೆಣ್ಣುಮಕ್ಕಳಿಗೆ ಪಾಠ ಪ್ರಾರಂಭವಾಯಿತು. ಓದಲು ಪುಸ್ತಕ ಬೇಕು. ಹಾಲೆಯಿಂದ ತಮಿಳು ಅಚ್ಚಿನ ಮೊಳೆಗಳು ಬಂದುವು. ಅವು ಬಹಳ ದಪ್ಪವಾಗಿ ಕಾಗದವನ್ನು ನುಂಗಿದ್ದರಿಂದ ಸಣ್ಣ ಮೊಳೆಗಳನ್ನು ಊರಿನಲ್ಲಿಯೇ ಎರಕ ಹೊಯ್ದರು. ಇಂಗ್ಲೆಂಡಿನಿಂದ ಬಂದ ಚೀಸಿನ ಡಬ್ಬಿಗಳ ಸೀಸವೇ ಅದಕ್ಕೆ ಲೋಹವಾಯಿತಂತೆ. 1715ರೊಳಗೆ ಹೊಸ ಒಡಂಬಡಿಕೆಯು ತಮಿಳಿನಲ್ಲಿ ಅಚ್ಚಾಗಿ ಮುಗಿಯಿತು.

ಈ ಶಾಲೆಯ ಉದ್ದೇಶವು ಮತಪ್ರಚಾರವಾಗಿತ್ತೆಂಬುದನ್ನು ಮರೆಮಾಚಲು ನಮಗೆ ಮನಸ್ಸಿಲ್ಲ. ಅದನ್ನು ನಡೆಯಿಸಿದವರೂ ಮರೆಮಾಚಲಿಲ್ಲ. ಈ ಉದ್ದೇಶಕ್ಕೂ ಇಲ್ಲಿಯ ವಿದ್ಯೆಗೂ ಘರ್ಷಣೆಯು ಅವರ ಮನೆಯೊಳಗೇ ಹುಟ್ಟಿತು. ದಕ್ಷಿಣದೇಶದ ದೇವತೆಗಳ ವಂಶಾವಳಿಯನ್ನು ತ್ಸೀಗೆನ್‌ಬಾಲ್ಗನು 1713ರಲ್ಲಿ ಶ್ರಮಪಟ್ಟು ಬರೆದು ಹಾಲೆಗೆ ಕಳುಹಿಸಿದನು. ಅನ್ಯಮತವನ್ನು ಕೀಳಲು ಕಳುಹಿಸಿದವನು ಅದನ್ನು ಯೂರೋಪಿನಲ್ಲಿ ಹರಡುವುದೇ ಎಂದು ಫ್ರಾಂಕೆಯು ಅದನ್ನು ಅಚ್ಚುಮಾಡಿಸಲಿಲ್ಲ. ಲೇಖಕನು 1719ರಲ್ಲಿ, ತನ್ನ ಮೂವತ್ತಾರನೆಯ ವಯಸ್ಸಿನಲ್ಲಿ, ತೀರಿಕೊಂಡನು. ಗ್ರಂಥವು 1867ರಲ್ಲಿ ಮದರಾಸಿನಲ್ಲಿ ಬೆಳಕು ಕಂಡಿತು. ಶಿಷ್ಯನು ಗುರುವಿಗಿಂತ ಹೆಚ್ಚು ಕಲಿತುಬಿಟ್ಟಿದ್ದನೆಂದು ನಾವು ಭಾವಿಸುತ್ತೇವೆ.

ಈ ಪರಂಪರೆಯಲ್ಲಿ 1750ರಲ್ಲಿ ಬಂದ ಶ್ವಾರ್ಟ್ಸನಿಗೂ ನಮ್ಮ ನಾಡಿಗೂ ಒಂದು ಸಂಬಂಧವುಂಟು. 1779ರಲ್ಲಿ ಮದರಾಸಿನ ಸರ್ಕಾರದವರು ಅವನನ್ನು ಶ್ರೀರಂಗಪಟ್ಟಣಕ್ಕೆ, ಹೈದರಲ್ಲಿಯ ಬಳಿಗೆ, ಸಂಧಾನಕ್ಕೆ ಕಳುಹಿಸಿದರು. ಸಂಧಾನವು ಫಲಿಸಲಿಲ್ಲ, ಮರುವರ್ಷವೇ ಯುದ್ಧ ಬಂದಿತು. ಆದರೆ ಬೀಳ್ಕೊಡುವಾಗ ಹೈದರನು ದಾರಿಯ ವೆಚ್ಚಕ್ಕೆಂದು ಕೊಟ್ಟ ಮುನ್ನೂರು ರೂಪಾಯಿಗಳನ್ನು ಶ್ವಾರ್ಟ್ಸನು ತನಗಾಗಿ ಇಟ್ಟುಕೊಳ್ಳದೆ, ತಂಜಾವೂರಿನಲ್ಲಿ ಅನಾಥ ಮಕ್ಕಳ ಶಾಲೆಯ ನಿಧಿಗೆ ಮೊದಲ ಹಣವಾಗಿ ಹಾಕಿದನು.

ತಂಜಾವೂರಿನ ತುಳಜಾ ಮಹಾರಾಜನು 1787ರಲ್ಲಿ ಮರಣಕಾಲಕ್ಕೆ ತನ್ನ ದತ್ತುಪುತ್ರ ಸರ್ಫೋಜಿಯನ್ನು ಇದೇ ಪಾದ್ರಿಯ ಕೈಗೆ ಒಪ್ಪಿಸಿದನು. ಬಾಲಕನು ಶ್ವಾರ್ಟ್ಸನ ಪೋಷಣೆಯಲ್ಲಿಯೂ, ಬಳಿಕ ಮದರಾಸಿನಲ್ಲಿ ಅದೇ ಪಂಥದ ಗೆರಿಕೆಯ ಬಳಿಯಲ್ಲಿಯೂ ಓದಿ ಬೆಳೆದನು, 1798ರಲ್ಲಿ ಪಟ್ಟವೇರಿದನು. ಸರಸ್ವತೀಮಹಲಿನ ಗ್ರಂಥಭಂಡಾರವನ್ನು ಹಿಗ್ಗಿಸಿದವನು ಈತನೇ. ಶ್ವಾರ್ಟ್ಸನ ಶಿಷ್ಯರಲ್ಲೆಲ್ಲ ಹೆಸರಾಂತ ಈ ಶಿಷ್ಯನು ಕೊನೆಯವರೆಗೂ ತನ್ನ ಪೂರ್ವಿಕರ ಧರ್ಮದಲ್ಲಿಯೇ ಉಳಿದನು. ಆದರೂ ಗುರುವು ತೀರಿಕೊಂಡ ಬಳಿಕ ಇಂಗ್ಲೆಂಡಿನ ಶಿಲ್ಪಿ ಫ್ಲಾಕ್ಸ್‌ಮನ್ನನಿಂದ ಅಮೃತಶಿಲೆಯ ಚಿತ್ರವೊಂದನ್ನು ಕಡೆಯಿಸಿ ತಂಜಾವೂರಿನ ಇಗರ್ಜಿಯಲ್ಲಿ ನಿಲ್ಲಿಸಿದನು. ಅದರಲ್ಲಿ ಸರ್ಫೋಜಿಯು ಮರಣಶಯ್ಯೆಯಲ್ಲಿರುವ ಉಪಾಧ್ಯಾಯನ ಕೈಯನ್ನು ಹಿಡಿದು ನಿಂತಿದ್ದಾನೆ.