ಚಿಗಟಕ್ಕೂ ಸ್ತೋತ್ರ ಹೇಳೋದಾ?

ಮನೆಯಲ್ಲಿ ಸಾಲ, ಕಾಯಿಲೆ ಅಂತ ಒದ್ದಾಡುತ್ತಿರುವಾಗ ಚರ್ಚಿನಲ್ಲಿ ಯಾರೋ ‘ದೇವರ ಮೇಲೆ ಭಾರ ಹಾಕಮ್ಮಾ’ ಅಂದರೆ ಮೈಯೆಲ್ಲಾ ಉರಿಯುತ್ತೆ ಅಲ್ವಾ? ಆಗೆಲ್ಲ ನನಗೆ ನೆನಪಾಗುವವರು ಹಾಲೆಂಡಿನ ಕೋರಿ ಟೆನ್ ಬೂಮ್.

ಗಡಿಯಾರ ರಿಪೇರಿ ಮಾಡುವ ಮನೆತನ. ಯಹೂದಿಗಳನ್ನು ಮನೆಯಲ್ಲಿ ಬಚ್ಚಿಟ್ಟ ತಪ್ಪಿಗೆ 1944ರ ಫೆಬ್ರುವರಿಯಲ್ಲಿ ನಾಜಿಗಳು ಮನೆಯವರನ್ನು ಹಿಡಿದೊಯ್ದರು. ಹತ್ತೇ ದಿನಕ್ಕೆ ಅಪ್ಪ ತೀರಿಕೊಂಡರು. ಕೋರಿ ಮತ್ತು ಅಕ್ಕ ಬೆಟ್ಸಿಯನ್ನು ಕೊನೆಗೆ ಜರ್ಮನಿಯ ರಾವೆನ್ಸ್‌ಬ್ರೂಕ್ ಶಿಬಿರಕ್ಕೆ ತಳ್ಳಿದರು. ಅಲ್ಲಿ ಮಲಗುವ ಜಾಗದ ತುಂಬಾ ಚಿಗಟ. ಅದಕ್ಕೂ ದೇವರಿಗೆ ಸ್ತೋತ್ರ ಹೇಳೋಣ ಅಂದರಂತೆ ಬೆಟ್ಸಿ! ಕೋರಿಗೆ ಮನಸ್ಸೇ ಒಪ್ಪಲಿಲ್ಲ. ನಾನಾಗಿದ್ದರೆ ಜಗಳವನ್ನೇ ಆಡುತ್ತಿದ್ದೆ ಬಿಡಿ. ಆಮೇಲೆ ಗೊತ್ತಾಯಿತು, ಚಿಗಟದ ಭಯಕ್ಕೇ ಕಾವಲಿನವರು ಒಳಗೆ ಕಾಲಿಡುತ್ತಿರಲಿಲ್ಲ. ಕದ್ದುಮುಚ್ಚಿ ತಂದಿದ್ದ ಬೈಬಲ್ಲನ್ನು ಹೆಂಗಸರೆಲ್ಲ ಕೂತು ಓದೋಕೆ ಆಗಿದ್ದು ಅದರಿಂದಲೇ.

ಆದರೂ ಬೆಟ್ಸಿ ಬದುಕಲಿಲ್ಲ. ಆ ಡಿಸೆಂಬರಿನಲ್ಲಿ ಅಲ್ಲೇ ಕಣ್ಮುಚ್ಚಿದರು. ಅದೇ ತಿಂಗಳು ಕೋರಿಗೆ ಬಿಡುಗಡೆಯಾಯಿತು.

ಹಾಗಾಗಿ ‘ನಂಬಿದರೆ ಎಲ್ಲಾ ಸರಿಹೋಗುತ್ತೆ’ ಅಂತ ನಿಮಗೆ ಹೇಳಲಾರೆ. ಸಿಟ್ಟು ಬಂದರೆ ಅದನ್ನೂ ಪ್ರಾರ್ಥನೆಯಲ್ಲೇ ಹೇಳಿಬಿಡಿ. ಬಾಯಿಗೆ ಮಾತೇ ಬಾರದ ದಿನ ಗೆಳತಿಯೊಬ್ಬಳನ್ನು ಮನೆಗೆ ಕರೆದು, ‘ಇವತ್ತು ನನ್ನ ಪರವಾಗಿ ನೀನೇ ಪ್ರಾರ್ಥಿಸು’ ಅಂತ ಕೇಳಿ.