ಪ್ರತಿಮಾಗೃಹವೂ ಚಂದ್ರವಳ್ಳಿಯೂ

ವಾಸ್ತುವಿದ್ಯೆಯನ್ನು ಅಭ್ಯಸಿಸುತ್ತಿರುವ ತರುಣನೊಬ್ಬನು ಚಿತ್ರದುರ್ಗದ ಚಂದ್ರವಳ್ಳಿಗಾಗಿ ಚಿಂತನಾನುಕೂಲವಾದ ವಸ್ತುಸಂಗ್ರಹಾಲಯವೊಂದನ್ನು ಕಲ್ಪಿಸಿ, ಅದರ ನಕ್ಷೆಗಳನ್ನು ಈಚೆಗೆ ನಮಗೆ ತೋರಿಸಿದನು. ಅದು ಪರೀಕ್ಷೆಗೆ ಒಪ್ಪಿಸತಕ್ಕ ಕೃತಿಯೇ ಹೊರತು ಕಟ್ಟತಕ್ಕುದಲ್ಲ. ಆದರೂ ಇಂತಹ ಮಂದಿರಕ್ಕೆ ನಮ್ಮ ವಾಙ್ಮಯದಲ್ಲಿ ಪ್ರಮಾಣವುಂಟೇ ಎಂಬ ಅವನ ಪ್ರಶ್ನೆಯು ವಿಚಾರಾರ್ಹವಾದುದು.

ಮ್ಯೂಸಿಯಂ ಎಂಬ ಶಬ್ದವು ಗ್ರೀಕರ ಕಲಾಧಿದೇವತೆಗಳ ಆಲಯವನ್ನು ಹೇಳುವ ಪದದಿಂದ ಹುಟ್ಟಿತೆಂಬುದು ವಿದಿತವೇ. ಅಷ್ಟು ದೂರ ಹೋಗಬೇಕಾದುದಿಲ್ಲ. ಭಾಸನದೆಂದು ಪ್ರಸಿದ್ಧವಾಗಿರುವ ಪ್ರತಿಮಾನಾಟಕದ ತೃತೀಯಾಂಕದಲ್ಲಿ, ಸೋದರಮಾವನ ಮನೆಯಿಂದ ಹಿಂದಿರುಗುವ ಭರತನು ಊರ ಹೊರಗಿನ ಒಂದು ಗೃಹವನ್ನು ಹೊಗುತ್ತಾನೆ. ಹೊರಗೆ ಆಯುಧವಾಗಲಿ ಧ್ವಜವಾಗಲಿ ಗುರುತಿಗಿಲ್ಲ. ದೇವತೆಗಳೆಂದು ನಮಸ್ಕರಿಸಹೋದವನನ್ನು ದೇವಕುಲಿಕನು ತಡೆದು, ಇವರು ಇಕ್ಷ್ವಾಕುವಂಶದ ಅರಸರೆಂದು ತಿಳಿಸಿ, ದಿಲೀಪ, ರಘು, ಅಜರನ್ನು ಒಬ್ಬೊಬ್ಬರನ್ನಾಗಿ ತೋರಿಸುತ್ತಾನೆ. ನಾಲ್ಕನೆಯ ಪ್ರತಿಮೆಯನ್ನು ನೋಡಿದ ಭರತನು ಕಳವಳಗೊಂಡು, ಹೆಸರು ಕೇಳಲಾರದೆ, ಬದುಕಿರುವವರ ಪ್ರತಿಮೆಗಳನ್ನೂ ಇಲ್ಲಿ ಇಡುವುದುಂಟೇ ಎಂದು ಪ್ರಶ್ನಿಸುತ್ತಾನೆ. ಇಲ್ಲವೆಂಬ ಉತ್ತರದಿಂದ ತಂದೆಯ ಮರಣವು ಅವನಿಗೆ ಮನದಟ್ಟಾಗುತ್ತದೆ. ಪ್ರತಿಮೆಗಳ ಅನುಕ್ರಮವೇ ಇಲ್ಲಿ ಬೋಧಕ. ಬಾಗಿಲಲ್ಲಿಯೇ ಫಲಕ ಹಾಕಿದ್ದರೆ ಈ ಅಂಕವೇ ಇರುತ್ತಿರಲಿಲ್ಲ!

ಇನ್ನು ಚಂದ್ರವಳ್ಳಿ. ಇಲ್ಲಿ 1909ರಲ್ಲಿ ಆರ್. ನರಸಿಂಹಾಚಾರ್ಯರೂ, 1929ರಲ್ಲಿ ಎಂ. ಎಚ್. ಕೃಷ್ಣರೂ, 1947ರಲ್ಲಿ ವೀಲರ್ ಎಂಬವರೂ ಉತ್ಖನನ ನಡೆಯಿಸಿದರು. ಸಾತವಾಹನ ನಾಣ್ಯಗಳೂ ರೋಮಕರ ಬೆಳ್ಳಿನಾಣ್ಯಗಳೂ ದೊರೆತುವು. ತರುಣನು ಇವೆಲ್ಲವನ್ನೂ ಒಂದೇ ವಿಶಾಲವಾದ ಸಭಾಂಗಣದಲ್ಲಿರಿಸಿ, ಪಕ್ಕದಲ್ಲಿ ಅಂಕಲಿಮಠದ ಗುಹೆಯನ್ನು ಹೋಲುವ ಕೃತಕಗುಹೆಯೊಂದನ್ನು ಸಿಮೆಂಟಿನಲ್ಲಿ ರಚಿಸಿದ್ದನು. ಇದು ನಮಗೆ ಸಮ್ಮತವಾಗಲಿಲ್ಲ. ಪತಂಜಲಿಯ ಕ್ರಮದಲ್ಲಿ ಚಿತ್ತವನ್ನು ಒಂದೆಡೆ ನಿಲ್ಲಿಸುವ ಧಾರಣೆಯು ಮೊದಲು, ಧ್ಯಾನವು ಆಮೇಲೆ. ನೂರು ವಸ್ತುಗಳ ನಡುವೆ ಧಾರಣೆಯೆಲ್ಲಿ? ಒಂದು ಕೋಣೆಗೆ ಒಂದೇ ನಾಣ್ಯ, ಒಂದೇ ದೀಪ ಸಾಕು. ಗುಹೆಯಾದರೋ ಸಮೀಪದಲ್ಲಿಯೇ ಇದೆ. ದೀಪ ಹಿಡಿದು ಮೆಟ್ಟಲಿಳಿದು ನೋಡಿದವನಿಗೆ ಅದರ ಅನುಕರಣವು ಮಕ್ಕಳಾಟವಾಗಿ ತೋರುವುದು.

ಕಠಿನವಾದ ವಿಷಯವು ಮಯೂರಶರ್ಮನ ಶಾಸನ. ಭೈರವೇಶ್ವರ ದೇವಾಲಯದ ಬಳಿಯ ಬಂಡೆಯ ಮೇಲೆ ಪ್ರಾಕೃತದಲ್ಲಿರುವ ಇದು ಕೆರೆಯ ನಿರ್ಮಾಣವನ್ನು ಹೇಳುತ್ತದೆ. ಕೃಷ್ಣರು ಇದರಲ್ಲಿ ಪಲ್ಲವ, ಆಭೀರ ಮೊದಲಾದ ಅನೇಕ ರಾಜ್ಯಗಳ ಹೆಸರುಗಳನ್ನು ಓದಿದರು. ಮುಂದಿನ ವಿದ್ವಾಂಸರು ಆ ಪಾಠವನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಅಕ್ಷರಗಳು ಸವೆದಿರುವುವು. ಪಾಠವನ್ನು ಹಿಡಿದು ಕದಂಬರ ಆದಿಚರಿತ್ರೆಯೇ ಹಿಗ್ಗುವುದು, ಕುಗ್ಗುವುದು. ತರುಣನು ಒಂದೇ ಪಾಠವನ್ನು ಗೋಡೆಯ ಮೇಲೆ ದಪ್ಪಕ್ಷರಗಳಲ್ಲಿ ಕೆತ್ತಿಸಿದ್ದನು. ಹಾಗೆ ಕೆತ್ತಿದರೆ ವಿವಾದವೇ ಇಲ್ಲವೆಂದು ವಿದ್ಯಾರ್ಥಿಗಳು ನಂಬಿಬಿಡುವರು. ನಮ್ಮ ಪಾಠಶಾಲೆಗಳಲ್ಲಿ ಆಗುತ್ತಿರುವುದೂ ಇದೇ.

ಎರಡು ಪಾಠಗಳನ್ನೂ ಸಮಾನವಾದ ಅಕ್ಷರಗಳಲ್ಲಿ ಬರೆಯಿಸಿ, ಕೊನೆಯ ಕೋಣೆಯನ್ನು ಬರಿದಾಗಿ ಬಿಟ್ಟು, ಅದರ ಬಾಗಿಲನ್ನು ಬಂಡೆಯ ಕಡೆಗೆ ತೆರೆಯಬೇಕೆಂದೆವು. ಬಂಡೆಯ ಮೇಲೆ ಬೆಳಕು ಓರೆಯಾಗಿ ಬೀಳುವ ಹೊತ್ತಿಗೆ ಸರಿಯಾಗಿ ಪ್ರೇಕ್ಷಕರನ್ನು ಅಲ್ಲಿಗೆ ಕಳುಹಿಸಬೇಕಾದೀತೆಂದು ಅವನು ಹೇಳಿದನು. ಇದು ನಮಗೆ ಹೊಳೆದಿರಲಿಲ್ಲ.